ಜೋಹಾನ್ಸ್‌ಬರ್ಗ್‌ಗೆ ಹೋಗೋರು ಸ್ಟರ್ಕ್‌ಫಾಂಟೈನ್ ಗುಹೆಗೆ ಅರ್ಧ ದಿನ ಕೊಡಿ: ಟ್ರಾವೆಲ್ಸ್‌ನೋರಿಗೂ ಪ್ರವಾಸಿಗಳಿಗೂ ಒಂದು ಬಹಿರಂಗ ಪತ್ರ

ದಕ್ಷಿಣ ಆಫ್ರಿಕಾ ಟೂರ್ ಪ್ಯಾಕೇಜ್ ಮಾಡೋ ನಮ್ಮ ಟ್ರಾವೆಲ್ಸ್‌ನೋರಿಗೆ, ಆ ಪ್ಯಾಕೇಜ್‌ಗೆ ದುಡ್ಡು ಕಟ್ಟಿ ಮಕ್ಕಳನ್ನ ಕರ್ಕೊಂಡು ದಸರಾ ರಜೆಗೋ ಬೇಸಿಗೆ ರಜೆಗೋ ಹೊರಡೋ ಅಪ್ಪ ಅಮ್ಮಂದಿರಿಗೆ, ಎಲ್ಲರಿಗೂ ನಮಸ್ಕಾರ.

ನೇರ ವಿಷಯಕ್ಕೆ ಬರ್ತೀನಿ. ದಕ್ಷಿಣ ಆಫ್ರಿಕಾ ಅಂದ್ರೆ ನಮ್ಮಲ್ಲಿ ಮಾಡೋ ಟೂರ್ ಪ್ಲಾನ್ ಎಲ್ಲಾ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಜೋಹಾನ್ಸ್‌ಬರ್ಗ್‌ನಲ್ಲಿ ಇಳಿಯೋದು, ಅಲ್ಲಿಂದ ಸನ್ ಸಿಟಿ, ಒಂದು ಸಫಾರಿ, ಆಮೇಲೆ ಗಾರ್ಡನ್ ರೂಟ್, ಆಸ್ಟ್ರಿಚ್ ಫಾರ್ಮ್, ಕೇಪ್‌ಟೌನ್, ಟೇಬಲ್ ಮೌಂಟನ್, ಪೆಂಗ್ವಿನ್, ಶಾಪಿಂಗ್, ವಾಪಸ್. ಇವು ಯಾವುದೂ ಬೇಡ ಅಂತ ನಾನು ಹೇಳ್ತಿಲ್ಲ, ಎಲ್ಲಾ ನೋಡೋ ಅಂಥವೇ. ನನ್ನ ಬೇಡಿಕೆ ಇಷ್ಟೇ, ಜೋಹಾನ್ಸ್‌ಬರ್ಗ್‌ನಿಂದ ಸನ್ ಸಿಟಿಗೆ ಯಾವ ದಿಕ್ಕಿಗೆ ಬಸ್ ಹೊರಡುತ್ತೋ ಅದೇ ದಿಕ್ಕಿನಲ್ಲಿ, ಊರಿಂದ ಹತ್ತಿರ ಹತ್ತಿರ 50 ಕಿಲೋಮೀಟರ್ ದೂರದಲ್ಲಿ, ಸ್ಟರ್ಕ್‌ಫಾಂಟೈನ್ ಅಂತ ಒಂದು ಗುಹೆ ಇದೆ, ದಯವಿಟ್ಟು ಅದಕ್ಕೆ ಅರ್ಧ ದಿನ ಇಟ್ಕೊಳ್ಳಿ. ನಮ್ಮ ಬಸ್ಸುಗಳು ದಿನಾ ಅದರ ಹತ್ತಿರದಲ್ಲೇ ಹಾದು ಹೋಗ್ತಾವೆ, ಒಳಗಿರೋ ಅರ್ಧ ಜನ ನಿದ್ದೆ ಮಾಡ್ತಿರ್ತಾರೆ, ಇನ್ನರ್ಧ ಜನಕ್ಕೆ ಪಕ್ಕದಲ್ಲಿ ಏನಿದೆ ಅಂತ ಹೇಳೋರೇ ಇಲ್ಲ. ನನಗೆ ಇದು ನಿಜವಾಗ್ಲೂ ಸಂಕಟ ಆಗುತ್ತೆ.

ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ತಾಳ್ಮೆ ಇಟ್ಟು ಓದಿ.

ಆ ಗುಹೆ, ಅದರ ಸುತ್ತಮುತ್ತ ಇರೋ ಇನ್ನೊಂದಿಷ್ಟು ಗುಹೆಗಳು ಸೇರಿ 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ವು. ಆ ಪ್ರದೇಶಕ್ಕೆ ಅಲ್ಲಿ ಮಾನವಕುಲದ ತೊಟ್ಟಿಲು ಅಂತಲೇ ಹೆಸರು. ಮನುಷ್ಯನ ಪೂರ್ವಜರ ಪಳೆಯುಳಿಕೆ ಇಷ್ಟು ಒತ್ತೊತ್ತಾಗಿ ಸಿಕ್ಕಿರೋ ಜಾಗ ಪ್ರಪಂಚದಲ್ಲಿ ಬಹಳ ಕಮ್ಮಿ. ಸ್ಟರ್ಕ್‌ಫಾಂಟೈನ್ ಒಂದರಲ್ಲೇ ನೂರಾರು ಸಿಕ್ಕಿವೆ, ಹಲ್ಲು, ದವಡೆ, ತಲೆಬುರುಡೆ, ಬೆನ್ನುಮೂಳೆ, ಎಲ್ಲಾ. ಇದನ್ನ ಗಾಜಿನ ಪೆಟ್ಟಿಗೆ ಹಿಂದೆ ಇಟ್ಟಿರೋ ಮ್ಯೂಸಿಯಂನಲ್ಲಿ ನೋಡೋದು ಬೇರೆ, ಅದು ಸಿಕ್ಕ ಜಾಗದಲ್ಲೇ ನಿಂತು ನೋಡೋದು ಬೇರೆ.

ಗುಹೆ ಹೆಂಗಿದೆ ಅಂದ್ರೆ, ಮೇಲೆ ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಮರ, ಕೆಳಗೆ ಡಾಲಮೈಟ್ ಕಲ್ಲು. ಆ ಕಲ್ಲಿಗೆ ವಯಸ್ಸು 250 ಕೋಟಿ ವರ್ಷಕ್ಕೂ ಜಾಸ್ತಿ, ಒಂದು ಕಾಲದಲ್ಲಿ ಅದು ಸಮುದ್ರದ ತಳ. ಮಳೆ ನೀರು ಸ್ವಲ್ಪ ಹುಳಿ ಇರುತ್ತಲ್ಲ, ಅದು ಬಿರುಕಿನಲ್ಲಿ ಇಳಿದು ಇಳಿದು ಕಲ್ಲನ್ನ ಕರಗಿಸಿ ಒಳಗೆ ದೊಡ್ಡ ದೊಡ್ಡ ಪೊಟರೆ ಮಾಡಿದೆ. ಆಮೇಲೆ ಎಲ್ಲೋ ಒಂದು ಕಡೆ ಮೇಲ್ಛಾವಣಿ ಕುಸಿದು ನೆಲದಲ್ಲಿ ಬಾಯಿ ತೆರೆದುಕೊಂಡಿತು. ಆ ಬಾಯಿಯೊಳಗೆ ಮಣ್ಣು, ಕಲ್ಲು, ಸತ್ತ ಪ್ರಾಣಿ, ಜೀವಂತ ಬಿದ್ದು ಹತ್ತೋಕಾಗದೆ ಅಲ್ಲೇ ಉಳಿದ ಪ್ರಾಣಿ, ಚಿರತೆ ತಿಂದು ಬಿಟ್ಟ ಮೂಳೆ, ಎಲ್ಲಾ ಬಿದ್ದು ಗುಡ್ಡೆ ಆಯ್ತು. ಸುಣ್ಣದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಆ ಗುಡ್ಡೆಯನ್ನೆಲ್ಲಾ ಕಾಂಕ್ರೀಟ್ ಥರ ಗಟ್ಟಿ ಮಾಡ್ತು. ಅದಕ್ಕೆ ಬ್ರೆಕಿಯಾ ಅಂತಾರೆ. ಇವತ್ತು ಅಲ್ಲಿ ಹೋದ್ರೆ ನಾವು ನೋಡೋದು ಅದನ್ನೇ.

ತಲೆಗೆ ಹೆಲ್ಮೆಟ್ ಕೊಡ್ತಾರೆ, ಗೈಡ್ ಜೊತೆಗೇ ಇಳೀಬೇಕು, ಒಬ್ಬೊಬ್ರೇ ಸುತ್ತೋಕೆ ಬಿಡಲ್ಲ. ಮೆಟ್ಟಿಲು ಇಳೀತಾ ಇಳೀತಾ ಹೊರಗಿನ ಬಿಸಿಲು ಹೋಗಿ ಗಾಳಿ ತಣ್ಣಗಾಗುತ್ತೆ, ವರ್ಷ ಪೂರ್ತಿ ಹೆಚ್ಚುಕಮ್ಮಿ ಅದೇ ತಂಪು. ಕೆಲವು ಕಡೆ ತಲೆ ಬಗ್ಗಿಸಿಯೇ ದಾಟಬೇಕು, ಹೆಲ್ಮೆಟ್ ಟಕ್ ಅಂತ ಮೇಲೆ ಬಡಿಯುತ್ತೆ. ನಮ್ಮ ಗೈಡ್ ಒಂದು ಕಡೆ ಎಲ್ಲರನ್ನೂ ನಿಲ್ಲಿಸಿ ಗೋಡೆ ತೋರಿಸಿದ್ರು. ಮೊದಲು ನೋಡಿದ್ರೆ ಬರೀ ಕೆಂಪು ಕಂದು ಬಣ್ಣದ ಕಲ್ಲು, ಒಳಗೆ ಚೂಪು ಚೂಪು ಜಲ್ಲಿ ಸಿಕ್ಕಿಕೊಂಡಿದೆ ಅಷ್ಟೇ. ಆಮೇಲೆ ಅವರು ಟಾರ್ಚನ್ನ ಗೋಡೆಗೆ ಅಂಟಿಸಿದ ಹಾಗೆ ಓರೆಯಾಗಿ ಹಿಡಿದ್ರು, ಆಗ ಕಾಣಿಸ್ತು, ಒಂದು ಬಿಳಿ ಉಂಗುರ, ಬೆರಳಷ್ಟು ದಪ್ಪ, ಮಧ್ಯೆ ಹೊಳೆಯೋ ಹರಳು ತುಂಬಿಕೊಂಡಿದೆ. ಅದು ಯಾವುದೋ ಪ್ರಾಣಿಯ ಕಾಲು ಮೂಳೆ, ಅಡ್ಡಕ್ಕೆ ಮುರಿದಿರೋದು, ಮಜ್ಜೆ ಇದ್ದ ಜಾಗದಲ್ಲಿ ಸುಣ್ಣದ ಹರಳು ಬೆಳೆದಿದೆ. ಒಂದು ಕಂಡ ಮೇಲೆ ಕಣ್ಣು ಪಳಗಿ ಪಕ್ಕದಲ್ಲೇ ಇನ್ನೊಂದು ಕಾಣುತ್ತೆ, ಅದರ ಮೇಲೊಂದು, ಇಡೀ ಗೋಡೆ ಮೂಳೆಗಳಿಂದಲೇ ತುಂಬಿದೆ ಅಂತ ಆಗ ಗೊತ್ತಾಗುತ್ತೆ. ನಮ್ಮ ಗುಂಪಿನಲ್ಲಿದ್ದ ಮಕ್ಕಳು ಅಲ್ಲಿಂದ ಕದಲೋಕೇ ತಯಾರಿರ್ಲಿಲ್ಲ.

ಬೆಂಗಳೂರಿನೋರು ಬೇಲಂ ಗುಹೆಗೆ ಹೋಗಿರ್ತೀರ, ಅಲ್ಲಿ ಸುಣ್ಣದ ನೀರು ಮಾಡಿರೋ ಆಕಾರಗಳನ್ನ ನೋಡಿರ್ತೀರ. ಅಂಥದ್ದನ್ನ ಸ್ಟರ್ಕ್‌ಫಾಂಟೈನ್‌ನಲ್ಲಿ ನಿರೀಕ್ಷೆ ಮಾಡಬೇಡಿ. ಒಂದು ಕಾಲದಲ್ಲಿ ಅಲ್ಲೂ ಇದ್ವು, ಆದ್ರೆ 1890ರ ದಶಕದಿಂದ ಸುಣ್ಣಕ್ಕೋಸ್ಕರ ಡೈನಮೈಟ್ ಇಟ್ಟು ಒಡೆದು ತೆಗೆದುಬಿಟ್ರು. ಪಕ್ಕದ ವಿಟ್‌ವಾಟರ್ಸ್‌ರಾಂಡ್‌ನಲ್ಲಿ 1886ರಲ್ಲಿ ಚಿನ್ನ ಸಿಕ್ಕಿತ್ತು, ಸೈನೈಡ್ ಹಾಕಿ ಚಿನ್ನ ತೆಗೆಯೋ ವಿಧಾನಕ್ಕೆ ಸುಣ್ಣ ಬೇಕೇ ಬೇಕು. ಕೆಜಿಎಫ್ ಕಡೆಯವರಿಗೆ, ಸೈನೈಡ್ ದಿಬ್ಬ ನೋಡಿಕೊಂಡೇ ಬೆಳೆದೋರಿಗೆ, ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಮೂಳೆ ಸುಣ್ಣದ ಗೂಡಿನಲ್ಲಿ ಬೆಂದು ಹೋಯ್ತೋ ಲೆಕ್ಕ ಇಟ್ಟೋರಿಲ್ಲ. ಆದ್ರೆ ಹಾಗೆ ಒಡೆದಿದ್ದಕ್ಕೇ ಗುಹೆ ಒಳಗಿನ ಬ್ರೆಕಿಯಾ ಹೊರಗೆ ಬಿತ್ತು, ಮೂಳೆ ಇದೆ ಅಂತ ಜನರಿಗೆ ಗೊತ್ತಾಯ್ತು ಅನ್ನೋದೂ ನಿಜ. ಎರಡನ್ನೂ ಒಟ್ಟಿಗೇ ಒಪ್ಪಿಕೊಳ್ಳಬೇಕು.

ಈಗ ಮನುಷ್ಯರ ವಿಷಯಕ್ಕೆ ಬರ್ತೀನಿ. 1924ರಲ್ಲಿ ಟೌಂಗ್ ಅನ್ನೋ ಊರಿನ ಸುಣ್ಣದ ಗಣಿಯಿಂದ ಒಂದು ಮಗುವಿನ ತಲೆಬುರುಡೆ ರೇಮಂಡ್ ಡಾರ್ಟ್ ಅನ್ನೋ ಅನಾಟಮಿ ಪ್ರೊಫೆಸರ್ ಕೈಗೆ ಬಂತು. ಅವರು 1925ರಲ್ಲಿ ಅದಕ್ಕೆ ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್ ಅಂತ ಹೆಸರಿಟ್ಟು, ಇದು ಮನುಷ್ಯನ ಕಡೆಯ ಕವಲು, ಬರೀ ಮಂಗ ಅಲ್ಲ ಅಂದಾಗ ಯೂರೋಪಿನ ಬಹಳಷ್ಟು ಪಂಡಿತರು ಒಪ್ಪಲಿಲ್ಲ. ಅವರ ತಲೆಯಲ್ಲಿ, ಮನುಷ್ಯನ ಪೂರ್ವಜರದ್ದು ಅಂತ ಆಗ ನಂಬಿದ್ದ ಇಂಗ್ಲೆಂಡಿನ ಪಿಲ್ಟ್‌ಡೌನ್ ಬುರುಡೆ ಕೂತಿತ್ತು, ಅದು ನಕಲಿ ಅಂತ ಬಯಲಾಗೋಕೆ 1953ರವರೆಗೆ ಕಾಯಬೇಕಾಯ್ತು. ಡಾರ್ಟ್ ಪರವಾಗಿ ನಿಂತವರಲ್ಲಿ ಒಬ್ರು ರಾಬರ್ಟ್ ಬ್ರೂಮ್, ಸ್ಕಾಟ್ಲೆಂಡಿನ ಡಾಕ್ಟರ್, ಸುಡು ಬಿಸಿಲಲ್ಲೂ ಕೋಟು ಕಾಲರ್ ಹಾಕ್ಕೊಂಡೇ ಕಲ್ಲು ಒಡೀತಿದ್ದ ಮನುಷ್ಯ. ಮಗುವಿನ ಬುರುಡೆ ಸಾಕಾಗಲ್ಲ, ದೊಡ್ಡವರದ್ದು ಬೇಕು ಅಂತ ಹುಡುಕ್ತಾ ಅವರು 1936ರ ಆಗಸ್ಟ್‌ನಲ್ಲಿ ಸ್ಟರ್ಕ್‌ಫಾಂಟೈನ್‌ಗೆ ಬಂದ್ರು, ಕೆಲವೇ ದಿನದಲ್ಲಿ ಗಣಿಯ ಮೇಲ್ವಿಚಾರಕ ಬಾರ್ಲೋ ಅನ್ನೋರು ಆಗಷ್ಟೇ ಸ್ಫೋಟದಲ್ಲಿ ಹೊರಬಿದ್ದ ಒಂದು ಮಿದುಳಿನ ಅಚ್ಚು, ಅಂದ್ರೆ ಬುರುಡೆಯೊಳಗೆ ಮಣ್ಣು ತುಂಬಿ ಮಿದುಳಿನ ಆಕಾರಕ್ಕೆ ಕಲ್ಲಾಗಿದ್ದು, ತಂದು ಕೊಟ್ರು. ಆ ಬಾರ್ಲೋ ಅಲ್ಲಿಗೆ ಬರೋ ಪ್ರವಾಸಿಗಳಿಗೆ ಪಳೆಯುಳಿಕೆ ಮಾರ್ತಿದ್ದೋರು! ಎಷ್ಟು ಯಾರ್ಯಾರ ಮನೆ ಶೋಕೇಸ್ ಸೇರಿದ್ವೋ.

1947ರ ಏಪ್ರಿಲ್ 18ಕ್ಕೆ ಬ್ರೂಮ್ ಮತ್ತೆ ಅವರ ಜೊತೆಗಾರ ಜಾನ್ ರಾಬಿನ್ಸನ್ ಅವರಿಗೆ ಮಿಸೆಸ್ ಪ್ಲೆಸ್ ಸಿಕ್ಕಳು. ಹೆಚ್ಚುಕಮ್ಮಿ ಪೂರ್ತಿ ಇರೋ ದೊಡ್ಡವರ ತಲೆಬುರುಡೆ, ಸ್ಫೋಟದಲ್ಲಿ ಎರಡು ಭಾಗ ಆಗಿತ್ತು. ಬ್ರೂಮ್‌ಗೆ ಆಗ 80 ವರ್ಷ. ಡಾರ್ಟ್ ಹೇಳಿದ್ದು ಸರಿ ಅಂತ ಪ್ರಪಂಚ ಒಪ್ಪೋದಕ್ಕೆ ಈ ಗುಹೆಯ ಮೂಳೆಗಳೇ ದೊಡ್ಡ ಕಾರಣ. 2004ರಲ್ಲಿ ದಕ್ಷಿಣ ಆಫ್ರಿಕಾದ ಜನ ಟಿವಿ ವೋಟಿಂಗ್‌ನಲ್ಲಿ ತಮ್ಮ ದೇಶದ ಮಹಾನ್ ವ್ಯಕ್ತಿಗಳನ್ನ ಆರಿಸಿದಾಗ ಮಿಸೆಸ್ ಪ್ಲೆಸ್‌ಗೆ 95ನೇ ಸ್ಥಾನ ಸಿಕ್ತು, ನನಗೆ ಇದು ತುಂಬಾ ಹಿಡಿಸಿತು, ಲಕ್ಷಾಂತರ ವರ್ಷದ ಹಿಂದಿನ ಒಂದು ಜೀವವನ್ನ ನಮ್ಮೋರು ಅಂತ ಆ ಜನ ಲೆಕ್ಕಕ್ಕೆ ತಗೊಂಡಿದ್ದಾರೆ. ಅಂದಹಾಗೆ ಅವಳು ಹೆಣ್ಣೋ ಗಂಡೋ ಅನ್ನೋ ಚರ್ಚೆ ಇನ್ನೂ ಮುಗಿದಿಲ್ಲ. ನಿಜವಾದ ಬುರುಡೆ ಇರೋದು ಪ್ರಿಟೋರಿಯಾದ ಮ್ಯೂಸಿಯಂನಲ್ಲಿ, ಗುಹೆ ಹತ್ತಿರ ನೋಡೋಕೆ ಸಿಗೋದು ಅಚ್ಚು.

ಆದ್ರೆ ನಾನು ಈ ಪತ್ರ ಬರೆಯೋಕೆ ಮುಖ್ಯ ಕಾರಣ ಮಿಸೆಸ್ ಪ್ಲೆಸ್ ಅಲ್ಲ, ಬ್ರೂಮ್ ಕೂಡ ಅಲ್ಲ. ಸ್ಟೀಫನ್ ಮೊತ್ಸುಮಿ, ಎನ್‌ಕ್ವಾನೆ ಮೊಲೆಫೆ. ಈ ಎರಡು ಹೆಸರು ನೆನಪಿಟ್ಕೊಳ್ಳಿ.

ಕಥೆ ಶುರುವಾಗೋದು 1994ರಲ್ಲಿ. ರಾನ್ ಕ್ಲಾರ್ಕ್ ಅನ್ನೋ ವಿಜ್ಞಾನಿ ಹಳೇ ಪೆಟ್ಟಿಗೆಗಳನ್ನ ತೆಗೆದು ನೋಡ್ತಿದ್ರು. ಗುಹೆಯ ಸಿಲ್ಬರ್‌ಬರ್ಗ್ ಗ್ರಾಟೋ ಅನ್ನೋ ಆಳದ ಭಾಗದಲ್ಲಿ ಗಣಿಯವರು ಒಡೆದು ಬಿಟ್ಟಿದ್ದ ಕಲ್ಲುಗಳಿಂದ ಬಿಡಿಸಿದ ಮೂಳೆಗಳು ಅವು, ಪ್ರಾಣಿಗಳದ್ದು ಅಂತ ಬರೆದು ಎತ್ತಿಟ್ಟಿದ್ದು. ಅದರಲ್ಲಿ ನಾಲ್ಕು ಪುಟ್ಟ ಮೂಳೆ ಅವರ ಕಣ್ಣಿಗೆ ಬಿತ್ತು, ಎಡಗಾಲಿನ ಪಾದದ್ದು, ಕಣಕಾಲಿನ ಕೀಲಿನಿಂದ ಹೆಬ್ಬೆರಳಿನ ಬುಡದವರೆಗೆ ಒಂದಕ್ಕೊಂದು ಕೂಡ್ಕೊಳ್ಳುತ್ತೆ, ಪ್ರಾಣಿದಲ್ಲ, ಎರಡು ಕಾಲಲ್ಲಿ ನಡೆಯೋ ಜೀವಿಯದ್ದು. ಹಾಗಾಗಿ ಅದಕ್ಕೆ ಲಿಟಲ್ ಫುಟ್ ಅಂತ ಹೆಸರು ಬಂತು. 1997ರಲ್ಲಿ ಇನ್ನಷ್ಟು ಪೆಟ್ಟಿಗೆ ತಡಕಿದಾಗ ಅದೇ ಜೀವಿಯ ಇನ್ನೂ ಕೆಲವು ಮೂಳೆ ಸಿಕ್ತು, ಅದರಲ್ಲಿ ಬಲಗಾಲಿನ ಮೊಣಕಾಲಿನ ಕೆಳಗಿನ ಮೂಳೆಯ ತುದಿ ಒಂದು, ಅದು ಹಳೇ ಮುರಿತ ಅಲ್ಲ, ಗಣಿಯವರ ಸ್ಫೋಟದಲ್ಲಿ ತುಂಡಾಗಿದ್ದು. ಅಂದ್ರೆ ಅದರ ಇನ್ನೊಂದು ತುಂಡು ಇನ್ನೂ ಗುಹೆಯ ಗೋಡೆಯಲ್ಲೇ ಇರಬೇಕು.

ಕ್ಲಾರ್ಕ್ ಆ ಮೂಳೆಯ ಒಂದು ಅಚ್ಚು ಮಾಡಿ ತಮ್ಮ ಸಹಾಯಕರಾದ ಮೊತ್ಸುಮಿ, ಮೊಲೆಫೆ ಇಬ್ಬರ ಕೈಗೆ ಕೊಟ್ಟು, ಇದಕ್ಕೆ ಕೂಡೋ ಮೂಳೆ ಎಲ್ಲಿದೆ ಹುಡುಕಿ ಅಂದ್ರು. ಸ್ವಲ್ಪ ಯೋಚನೆ ಮಾಡಿ ನೋಡಿ. ಕತ್ತಲು ಗುಹೆ, ಒದ್ದೆ ಒದ್ದೆ ಗೋಡೆ, ಎತ್ತರಕ್ಕೂ ಆಳಕ್ಕೂ ಹರಡಿಕೊಂಡಿರೋ ಬ್ರೆಕಿಯಾ, ಎಲ್ಲಾ ಕಡೆ ನಾನು ಮೇಲೆ ಹೇಳಿದ ಬಿಳಿ ಉಂಗುರಗಳು, ನೂರಾರು ಪ್ರಾಣಿಗಳ ಮೂಳೆ, ಅದರಲ್ಲಿ ಒಂದೇ ಒಂದು ಮುರಿದ ಮುಖ ಬೇಕು. ಸ್ಫೋಟ ನಡೆದು ಅದಾಗ್ಲೇ 60 ವರ್ಷಕ್ಕೂ ಮೇಲಾಗಿದೆ. ಕೈಯಲ್ಲಿ ಇರೋದು ಒಂದು ಲ್ಯಾಂಪು, ಒಂದು ಅಚ್ಚು. ಇಬ್ಬರೂ ಗೋಡೆಯನ್ನ ಇಂಚಿಂಚು ನೋಡ್ಕೊಂಡು ಹೋದ್ರು, ಎರಡನೇ ದಿನ, 1997ರ ಜುಲೈ 3ಕ್ಕೆ, ಅದನ್ನ ಕಂಡುಹಿಡಿದ್ರು. ಅಚ್ಚು ಹಿಡಿದು ನೋಡಿದ್ರೆ ಒಂದು ಕೂದಲೂ ಆಚೀಚೆ ಇಲ್ಲದಂಗೆ ಕೂತ್ಕೊಳ್ತು. ಹಿಂದೆಯೇ ಪೂರ್ತಿ ದೇಹ ಇತ್ತು.

ಇಂಥ ಕಣ್ಣು ಒಂದು ದಿನದಲ್ಲಿ ಬರಲ್ಲ. ಹಳ್ಳಿ ಕಡೆ ನೆಲ ನೋಡಿ ನೀರು ಎಲ್ಲಿದೆ ಅಂತ ಹೇಳೋ ಹಿರಿಯರನ್ನ, ಕಲ್ಲಿನ ಮೇಲೆ ಕೈಯಾಡಿಸಿ ಎಲ್ಲಿ ಸೀಳುತ್ತೆ ಅಂತ ಹೇಳೋ ಕಲ್ಲುಕುಟಿಗರನ್ನ ಕಂಡೋರಿಗೆ ಇದು ಅರ್ಥ ಆಗುತ್ತೆ. ಅವರ ವಿದ್ಯೆಗೆ ಸರ್ಟಿಫಿಕೇಟ್ ಇರಲ್ಲ, ಅಷ್ಟೇ ವ್ಯತ್ಯಾಸ. ಕ್ಲಾರ್ಕ್ ತಮ್ಮ ವರದಿಯಲ್ಲಿ ಇಬ್ಬರ ಹೆಸರನ್ನೂ ಹೇಳಿದ್ದಾರೆ, ಅದು ದೊಡ್ಡ ವಿಷಯ, ಯಾಕಂದ್ರೆ ಅದಕ್ಕೂ ಮುಂಚೆ ದಶಕಗಟ್ಟಲೆ ಅಲ್ಲಿ ಕಲ್ಲು ಹೊತ್ತು, ಅಗೆದು, ಜರಡಿ ಹಿಡಿದ ಕರಿಯ ಕೆಲಸಗಾರರಲ್ಲಿ ಬಹಳ ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆಮೇಲೆ ಅಬೆಲ್ ಮೊಲೆಪೊಲ್ಲೆ ಅನ್ನೋರೂ ಈ ತಂಡದಲ್ಲಿ ಕೆಲಸ ಮಾಡಿದ್ರು. ನೀವು ಅಲ್ಲಿಗೆ ಹೋದಾಗ ನಿಮ್ಮ ಗೈಡ್‌ಗೆ ಈ ಹೆಸರುಗಳನ್ನ ಹೇಳಿ ಕೇಳಿ, ಅವರ ಬಗ್ಗೆ ಹೇಳಿ ಅಂತ. ನಾನು ಕೇಳಿದಾಗ ನಮ್ಮ ಗೈಡ್ ಮುಖ ಅರಳಿದ್ದು ಚೆನ್ನಾಗಿ ನೆನಪಿದೆ, ಅಲ್ಲಿಂದ ಮುಂದೆ ಅವರು ಮಾತಾಡಿದ ರೀತಿಯೇ ಬೇರೆ ಆಯ್ತು.

ಸಿಕ್ಕಿದ ಮೇಲೆ ಸುಮ್ನೆ ಕಿತ್ತು ತೆಗೆಯೋಕಾಗಲ್ಲ. ಮೂಳೆಗಿಂತ ಅದರ ಸುತ್ತ ಇರೋ ಕಲ್ಲು ಗಟ್ಟಿ, ಸುತ್ತಿಗೆ ಇಟ್ರೆ ಮೊದಲು ಮೂಳೆಯೇ ಪುಡಿ ಆಗೋದು. ಗಾಳಿ ಒತ್ತಡದಲ್ಲಿ ನಡೆಯೋ, ಸೂಜಿ ಮೊನೆಯ ಪುಟ್ಟ ಯಂತ್ರ ಹಿಡಿದು ಒಂದೊಂದು ಕಣ ಉದುರಿಸಿಕೊಂಡು ಹೋಗಬೇಕು, ಅದೂ ಆ ಕತ್ತಲಲ್ಲಿ, ಇಕ್ಕಟ್ಟಿನಲ್ಲಿ. 1998ರಲ್ಲಿ ತಲೆಬುರುಡೆ ಕಂಡಿತು, ಎಡಗೈ ತಲೆ ಮೇಲಕ್ಕೆ ಚಾಚಿಕೊಂಡಿತ್ತು. ಅಗೆದು, ಬಿಡಿಸಿ, ಜೋಡಿಸಿ, ಜನರ ಮುಂದೆ ಇಡೋ ಹೊತ್ತಿಗೆ 2017ರ ಡಿಸೆಂಬರ್. ಇಪ್ಪತ್ತು ವರ್ಷ! ಫಲ ಏನಪ್ಪಾ ಅಂದ್ರೆ ಶೇಕಡಾ 90ಕ್ಕೂ ಹೆಚ್ಚು ಪೂರ್ತಿಯಾಗಿರೋ ಒಂದು ಅಸ್ಥಿಪಂಜರ. ಪ್ರಪಂಚಕ್ಕೆಲ್ಲಾ ಗೊತ್ತಿರೋ ಇಥಿಯೋಪಿಯಾದ ಲೂಸಿ ಅನ್ನೋ ಪೂರ್ವಜಳ ಅಸ್ಥಿಪಂಜರ ಶೇಕಡಾ 40ರಷ್ಟು ಸಿಕ್ಕಿರೋದು ಅಂದ್ರೆ ಇದರ ಬೆಲೆ ಗೊತ್ತಾಗುತ್ತೆ. ವಯಸ್ಸಾದ ಹೆಣ್ಣು, ಎತ್ತರ ಸುಮಾರು ನಾಲ್ಕೂಕಾಲು ಅಡಿ, ಕಾಲು ಕೈಗಿಂತ ಉದ್ದ, ಅಂದ್ರೆ ನೆಟ್ಟಗೆ ನಡೀತಿದ್ದಳು, ಹಾಗಂತ ಮರ ಹತ್ತೋದನ್ನ ಬಿಟ್ಟಿರಲಿಲ್ಲ.

ಅವಳ ಕಾಲ ಯಾವುದು ಅನ್ನೋದು ಇನ್ನೊಂದು ರೋಚಕ ವಿಷಯ, ಇದನ್ನ ಮಕ್ಕಳಿಗೆ ತಪ್ಪದೆ ಹೇಳಿ. 2006ರಲ್ಲಿ ಮೂಳೆ ಸುತ್ತ ಇದ್ದ ಸುಣ್ಣದ ಪದರಗಳನ್ನ ಅಳೆದೋರು ಸುಮಾರು 22 ಲಕ್ಷ ವರ್ಷ ಅಂದ್ರು. 2015ರಲ್ಲಿ ಇನ್ನೊಂದು ತಂಡ ಬೇರೆ ದಾರಿ ಹಿಡೀತು. ನೆಲದ ಮೇಲೆ ಬಿದ್ದಿರೋ ಸ್ಫಟಿಕದ ಕಲ್ಲಿಗೆ ಆಕಾಶದಿಂದ ಬರೋ ಕಾಸ್ಮಿಕ್ ಕಿರಣ ತಾಗಿ ಅದರೊಳಗೆ ಅಲ್ಯೂಮಿನಿಯಂ 26, ಬೆರಿಲಿಯಂ 10 ಅನ್ನೋ ಎರಡು ಥರದ ಪರಮಾಣು ಹುಟ್ತವೆ. ಆ ಕಲ್ಲು ಗುಹೆಯೊಳಗೆ ಬಿದ್ದ ಕ್ಷಣದಿಂದ ಹೊಸದು ಹುಟ್ಟೋದು ನಿಲ್ಲುತ್ತೆ, ಇದ್ದದ್ದು ಕರಗ್ತಾ ಹೋಗುತ್ತೆ, ಎರಡೂ ಬೇರೆ ಬೇರೆ ವೇಗದಲ್ಲಿ ಕರಗೋದ್ರಿಂದ ಉಳಿದಿರೋ ಪ್ರಮಾಣ ನೋಡಿ ಎಷ್ಟು ಕಾಲ ಕತ್ತಲಲ್ಲಿ ಇತ್ತು ಅಂತ ಲೆಕ್ಕ ಹಾಕಬಹುದು. ಅವರಿಗೆ ಬಂದ ಉತ್ತರ ಸುಮಾರು 36.7 ಲಕ್ಷ ವರ್ಷ. ಸುಣ್ಣದ ಪದರ ಆಮೇಲೆ ಖಾಲಿ ಜಾಗದಲ್ಲಿ ತುಂಬಿಕೊಂಡಿದ್ದು, ಹಂಗಾಗಿ ಅದು ಚಿಕ್ಕ ವಯಸ್ಸು ತೋರಿಸ್ತು ಅಂತ ಅವರ ವಾದ. 2022ರಲ್ಲಿ ಇದೇ ವಿಧಾನದಿಂದ ಮಿಸೆಸ್ ಪ್ಲೆಸ್ ಸಿಕ್ಕ ಪದರಕ್ಕೂ 34ರಿಂದ 37 ಲಕ್ಷ ವರ್ಷ ಅಂತ ಬಂತು, ಎಲ್ಲರೂ ಒಪ್ಪಿಲ್ಲ, ಜಗಳ ನಡೀತಾನೇ ಇದೆ. ಲಿಟಲ್ ಫುಟ್ ಯಾವ ಜಾತಿಗೆ ಸೇರಿದ್ದು ಅನ್ನೋದ್ರಲ್ಲೂ ಅಷ್ಟೇ. ನನಗಂತೂ ಇದು ಬೇಜಾರಿನ ವಿಷಯ ಅಲ್ಲ, ಖುಷಿಯ ವಿಷಯ. ದೊಡ್ಡ ದೊಡ್ಡ ವಿಜ್ಞಾನಿಗಳು ಎದುರಾಬದುರಾ ನಿಂತು ನಿನ್ನ ಲೆಕ್ಕ ತೋರಿಸು ಅಂತ ಕೇಳ್ತಾರೆ, ಯಾರು ಹೇಳಿದ್ರು ಅನ್ನೋದಲ್ಲ ಹೆಂಗೆ ಗೊತ್ತಾಯ್ತು ಅನ್ನೋದು ಮುಖ್ಯ ಅಂತ ಒಂದು ಮಗುವಿಗೆ ಕಲಿಸೋಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಹೊಳೀತಿಲ್ಲ.

ಮಕ್ಕಳ ಮಾತು ಬಂದಿದ್ದಕ್ಕೆ ಹೇಳ್ತೀನಿ. ಎನ್‌ಸಿಇಆರ್‌ಟಿಯ ಹತ್ತನೇ ಕ್ಲಾಸಿನ ಸೈನ್ಸ್ ಪುಸ್ತಕದಿಂದ ಜೀವವಿಕಾಸದ ಭಾಗ ತೆಗೆದಾಗ 2023ರಲ್ಲಿ ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು, ಮೇಷ್ಟ್ರುಗಳು ಸಹಿ ಹಾಕಿ ಪತ್ರ ಬರೆದಿದ್ರು. ಹನ್ನೆರಡನೇ ಕ್ಲಾಸಿನ ಬಯಾಲಜಿಯಲ್ಲಿ ಆ ಪಾಠ ಇದೆ, ನಿಜ, ಆದ್ರೆ ಕಾಮರ್ಸ್ ತಗೊಂಡ ಮಗು, ಆರ್ಟ್ಸ್ ತಗೊಂಡ ಮಗು, ಪಿಸಿಎಂ ಜೊತೆ ಕಂಪ್ಯೂಟರ್ ಸೈನ್ಸ್ ತಗೊಂಡ ಮಗು, ಇವರಿಗೆ ನಾವು ಎಲ್ಲಿಂದ ಬಂದ್ವಿ ಅನ್ನೋದನ್ನ ಯಾರು ಹೇಳ್ತಾರೆ? ಲಕ್ಷಗಟ್ಟಲೆ ಖರ್ಚು ಮಾಡಿ ಅದೇ ಊರಿಗೆ ಕರ್ಕೊಂಡು ಹೋಗ್ತೀವಿ, ಗುಹೆ ಪಕ್ಕದಲ್ಲೇ ಹಾದು ಹೋಗ್ತೀವಿ, ಆದ್ರೂ ತೋರಿಸಲ್ಲ ಅಂದ್ರೆ ಹೆಂಗೆ.

ನಮ್ಮಲ್ಲೇ ಇಂಥದ್ದು ಇಲ್ವಾ ಅಂತ ಕೇಳೋರಿಗೆ ಒಂದು ಮಾತು. ಯಾದಗಿರಿ ಕಡೆ ಹುಣಸಗಿ, ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಳೇ ಕಲ್ಲಿನ ಆಯುಧ ಮಾಡೋ ಜಾಗ ಸಿಕ್ಕಿದೆ, ಪ್ರೊಫೆಸರ್ ಪದ್ದಯ್ಯ ಅವರು ಬದುಕೆಲ್ಲಾ ಅದಕ್ಕೆ ಕೊಟ್ಟಿದ್ದಾರೆ. ಆಯುಧ ಸಿಕ್ತು, ಅದನ್ನ ಮಾಡಿದೋರ ಮೂಳೆ ಸಿಕ್ಕಿಲ್ಲ. ಇಡೀ ಭಾರತದಲ್ಲಿ ಪುರಾತನ ಮಾನವನ ಬುರುಡೆ ಅಂತ ಹೆಸರಾಗಿರೋದು 1982ರಲ್ಲಿ ನರ್ಮದಾ ದಂಡೆಯ ಹಥ್ನೋರಾದಲ್ಲಿ ಅರುಣ್ ಸೋನಾಕಿಯಾ ಅವರಿಗೆ ಸಿಕ್ಕಿದ್ದು, ಅದು ಗುಹೆಯಲ್ಲ, ನದಿಯ ಜಲ್ಲಿ ಮಣ್ಣು. ಗುಹೆ ಅಂದ್ರೆ ಕರ್ನೂಲು ಸೀಮೆಯ ಬಿಲ್ಲಸುರ್ಗಂನಲ್ಲಿ 1884ರಲ್ಲೇ ರಾಬರ್ಟ್ ಬ್ರೂಸ್ ಫೂಟ್ ಮತ್ತೆ ಅವರ ಮಗ ಅಗೆದಿದ್ರು, ಪ್ರಾಣಿಗಳ ಮೂಳೆ ರಾಶಿ ಸಿಕ್ತು. ಹುಣಸಗಿಗೂ ಹೋಗಿ, ಖಂಡಿತ ಹೋಗಿ. ಆದ್ರೆ ನಮ್ಮ ಕವಲಿನ ಬುಡದ ಮೂಳೆಗಳು ಸಿಕ್ಕಿದ ನೆಲ ಅಂದ್ರೆ ಅದು ಆಫ್ರಿಕಾನೇ.

ಟ್ರಾವೆಲ್ಸ್‌ನೋರಿಗೆ ಈಗ ಕೆಲವು ಪ್ರಾಕ್ಟಿಕಲ್ ಮಾತು. 2022ರ ಕೊನೆಗೆ ಮಳೆ ನೀರು ನುಗ್ಗಿ ಗುಹೆ ಸೇಫ್ ಅಲ್ಲ ಅಂತ ಮುಚ್ಚಿದ್ರು, ಎರಡು ವರ್ಷದ ಮೇಲೆ 2025ರ ಏಪ್ರಿಲ್‌ನಲ್ಲಿ ಮತ್ತೆ ತೆರೆದಿದ್ದಾರೆ. ಜೋಹಾನ್ಸ್‌ಬರ್ಗ್‌ನ ವಿಟ್ಸ್ ಯೂನಿವರ್ಸಿಟಿಯವರೇ ನಡೆಸೋದು. ಕೆಲವರು ಇನ್ನೂ ಬಂದ್ ಅಂತಲೇ ಹೇಳ್ತಿದ್ದಾರೆ, ಅದು ಹಳೇ ಸುದ್ದಿ, ಹೊರಡೋ ಮುಂಚೆ ನೀವೇ ಕೇಳಿ ಬುಕ್ ಮಾಡ್ಕೊಳ್ಳಿ. ಹತ್ತಿರದಲ್ಲೇ ಮರೋಪೆಂಗ್ ಅಂತ ವಿಸಿಟರ್ ಸೆಂಟರ್ ಇದೆ, ಮಕ್ಕಳಿಗೆ ಚೆನ್ನಾಗಿದೆ, ಎರಡೂ ಒಂದೇ ದಿನಕ್ಕೆ ಆಗುತ್ತೆ. ಟೈಮ್ ಕಮ್ಮಿ ಇದ್ರೆ ಮರೋಪೆಂಗ್ ಬಿಡಿ, ಗುಹೆ ಬಿಡಬೇಡಿ. ಕೆಲವು ಪ್ಯಾಕೇಜ್‌ನಲ್ಲಿ ಇದರ ಉಲ್ಟಾ ಮಾಡ್ತಾರೆ, ಗುಹೆಯಲ್ಲಿ ಮೆಟ್ಟಿಲು ಜಾಸ್ತಿ ಅಂತ. ಮೆಟ್ಟಿಲು ಇದೆ, ಮಂಡಿ ನೋವು ಇರೋರಿಗೆ, ಇಕ್ಕಟ್ಟು ಅಂದ್ರೆ ಉಸಿರು ಕಟ್ಟೋರಿಗೆ ಕಷ್ಟ, ಅದನ್ನ ಮುಂಚೆಯೇ ಹೇಳಿ, ಅಂಥೋರು ಮೇಲೆಯೇ ಇದ್ದು ಎಕ್ಸಿಬಿಷನ್ ನೋಡಬಹುದು. ಒಬ್ಬರಿಬ್ಬರಿಗೆ ಆಗಲ್ಲ ಅಂತ ಬಸ್ ಪೂರ್ತಿ ತಪ್ಪಿಸಬೇಡಿ. ಇನ್ನೊಂದು, ಹೋಮೋ ನಲೇಡಿ ಅನ್ನೋ ಪುರಾತನ ಮಾನವ ಜಾತಿಯ ಮೂಳೆ ಸಿಕ್ಕ ರೈಸಿಂಗ್ ಸ್ಟಾರ್ ಗುಹೆಯೂ ಅಲ್ಲೇ ಸುತ್ತಮುತ್ತ ಇದೆ, 2013ರಲ್ಲಿ ಇಬ್ಬರು ಗುಹೆ ಸಾಹಸಿಗಳು ಒಂದು ಗೇಣಿಗಿಂತ ಸಣ್ಣ ಬಿರುಕಿನಲ್ಲಿ ನುಸುಳಿ ಕಂಡಿದ್ದು, ಅದಕ್ಕೆ ನಮ್ಮಂಥ ಪ್ರವಾಸಿಗಳು ಇಳಿಯೋಕಾಗಲ್ಲ, ಪ್ಯಾಕೇಜ್‌ನಲ್ಲಿ ಅದರ ಹೆಸರು ಹಾಕಿ ಜನರಿಗೆ ಆಸೆ ತೋರಿಸಬೇಡಿ. ಅಡಿಸ್ ಅಬಾಬಾ ಮೂಲಕ ಹೋಗೋರಿಗೆ ಅಲ್ಲಿ ಲೇಓವರ್ ದೊಡ್ಡದಿದ್ರೆ, ವೀಸಾ ಸರಿ ಇದ್ರೆ, ನ್ಯಾಷನಲ್ ಮ್ಯೂಸಿಯಂನಲ್ಲಿ ಲೂಸಿಯ ಅಚ್ಚನ್ನೂ ನೋಡ್ಕೊಂಡು ಹೋಗಬಹುದು.

ಹೋಗೋ ನಮ್ಮ ಜನಕ್ಕೆ ಒಂದು ವಿನಂತಿ. ಗೋಡೆ ಮುಟ್ಟಬೇಡಿ, ಕೈಯ ಎಣ್ಣೆ ಬೆವರು ಆ ಕಲ್ಲಿಗೆ ಒಳ್ಳೇದಲ್ಲ. ಹೊರಗೆ ಬ್ರೂಮ್ ಅವರ ಪ್ರತಿಮೆ ಇದೆ, ಕೈಯಲ್ಲಿ ಮಿಸೆಸ್ ಪ್ಲೆಸ್ ಬುರುಡೆ ಹಿಡಿದಿರೋದು, ಒಳ್ಳೇದಾಗುತ್ತೆ ಅಂತ ಜನ ಮುಟ್ಟಿ ಮುಟ್ಟಿ ಮೂಗು ಪಳಪಳ ಆಗಿದೆ, ಮುಟ್ಟೋ ಆಸೆ ಇದ್ರೆ ಅದನ್ನ ಮುಟ್ಟಿ. ಒಳಗೆ ರೀಲ್ಸ್ ಮಾಡ್ತಾ ಗೈಡ್ ಮಾತು ತಪ್ಪಿಸ್ಕೊಬೇಡಿ. ಕೂಗಾಡಬೇಡಿ. ಕಲ್ಲಿನ ಚೂರು ಜೇಬಿಗೆ ಹಾಕ್ಕೊಂಡು ಬರಬೇಡಿ, ಬಾರ್ಲೋ ಕಾಲದ ಅಂಗಡಿ ಮುಚ್ಚಿ ಬಹಳ ಕಾಲ ಆಯ್ತು. ಮೇಲೆ ಬಂದ ಮೇಲೆ ಕಣಿವೆಯ ಆಚೆ ಬದಿ ನೋಡಿ, ಸ್ವಾರ್ಟ್‌ಕ್ರಾನ್ಸ್ ಗುಹೆ ಇರೋದು ಅಲ್ಲೇ. ಸುಮಾರು 10 ಲಕ್ಷ ವರ್ಷದ ಹಿಂದೆ ಬೆಂಕಿಯಲ್ಲಿ ಸುಟ್ಟ ಮೂಳೆಗಳು ಸಿಕ್ಕಿದ್ದು ಅಲ್ಲಿ. ಅಲ್ಲೇ ಒಂದು ಮಗುವಿನ ಬುರುಡೆಯ ಚಿಪ್ಪು ಸಿಕ್ತು, ಅದರಲ್ಲಿ ಎರಡು ತೂತು, ಬಾಬ್ ಬ್ರೇನ್ ಅನ್ನೋ ವಿಜ್ಞಾನಿ ಅದೇ ಗುಹೆಯಲ್ಲಿ ಸಿಕ್ಕ ಚಿರತೆಯ ದವಡೆ ತಂದು ಹಿಡಿದು ನೋಡಿದ್ರು, ಕೋರೆಹಲ್ಲು ಎರಡೂ ತೂತಿಗೆ ಸರಿಯಾಗಿ ಕೂತ್ವು. ಆ ಕಾಲದಲ್ಲಿ ಬೇಟೆ ಆಡ್ತಿದ್ದೋರು ನಾವಲ್ಲ, ಬೇಟೆಗೆ ಬೀಳ್ತಿದ್ದೋರು ನಾವು. ಮಕ್ಕಳಿಗೆ ಇದನ್ನ ಅಲ್ಲೇ ನಿಂತು ಹೇಳಿ, ಆಮೇಲೆ ಅವರು ಕೇಳೋ ಪ್ರಶ್ನೆಗಳಿಗೆ ಬಸ್ಸಿನಲ್ಲಿ ಸನ್ ಸಿಟಿ ಬರೋವರೆಗೂ ಉತ್ತರ ಹೇಳ್ತಾನೇ ಇರಬೇಕಾಗುತ್ತೆ.

ಟ್ರಾವೆಲ್ಸ್‌ನೋರೇ, ಮುಂದಿನ ಸೀಸನ್‌ನ ಬ್ರೋಷರ್ ಪ್ರಿಂಟ್‌ಗೆ ಕೊಡೋ ಮುಂಚೆ ಎರಡನೇ ದಿನದ ಬೆಳಗ್ಗೆ ಒಂದು ಸಲ ನೋಡಿ. ಹೋಟೆಲ್‌ನಿಂದ ಲೇಟಾಗಿ ಚೆಕೌಟ್, ಆಮೇಲೆ ಮಾಲ್ ಅಂತ ಇರುತ್ತಲ್ಲ, ಆ ಸಾಲು ತೆಗೆದು ಸ್ಟರ್ಕ್‌ಫಾಂಟೈನ್ ಅಂತ ಹಾಕಿ. ಪ್ರವಾಸಿಗಳೇ, ಅವರು ಹಾಕದಿದ್ರೆ ಬುಕಿಂಗ್ ಟೈಮಲ್ಲಿ ನೀವೇ ಕೇಳಿ, ನಾಲ್ಕು ಕುಟುಂಬ ಸೇರಿ ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ.

ಇಂತಿ,
ಬೆಂಗಳೂರಿನಿಂದ ಒಬ್ಬ ಪ್ರವಾಸಿ